ಕಿಟಕಿ ಎ.ಸಿ. ಮತ್ತು ಮನೆಯ ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡಿಹೋದ ಕೂಡಲೇ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಮನೆಗಳಲ್ಲಿ ಎ.ಸಿ. ಶುರುವಾಗುತ್ತದೆ. ಈಗ ಬೆಂಗಳೂರಿನಲ್ಲೂ ಅದೇ ಪಾಡು. ಅದರ ಬೆನ್ನಿಗೇ ಎಂ.ಸಿ.ಬಿ. (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಬೀಳುವುದು, ಪ್ಲಗ್ ಕರಗುವುದು, ದೀಪಗಳು ಮಂಕಾಗುವುದು ಕೂಡ ಶುರುವಾಗುತ್ತದೆ. ಹೆಚ್ಚಿನವರು ಮೊದಲು ಎ.ಸಿ.ಯನ್ನೇ ದೂರುತ್ತಾರೆ. ಗ್ಯಾಸ್ ತುಂಬಿಸುತ್ತಾರೆ, ಸರ್ವಿಸ್ ಮಾಡಿಸುತ್ತಾರೆ, ಕೊನೆಗೆ ಕಂಪ್ರೆಸರ್ ಬದಲಾಯಿಸಲೂ ಒಪ್ಪಿಬಿಡುತ್ತಾರೆ. ದೋಷ ಮಾತ್ರ ಮೀಟರಿಗೂ ಪ್ಲಗ್ಗಿಗೂ ನಡುವೆ ಎಲ್ಲೋ ಬಿಸಿಯಾಗುತ್ತ ಕೂತಿರುತ್ತದೆ. ಈ ಪುಟ ಆ ನಡುವಿನ ದಾರಿಯ ಬಗ್ಗೆ. ಲೆಕ್ಕಗಳೆಲ್ಲ ನಮ್ಮಲ್ಲಿ ಬರುವ 230 ವೋಲ್ಟ್ ಸರಬರಾಜು ಮತ್ತು 1.5 ಟನ್ನಿನ ಸಾಮಾನ್ಯ ಕಿಟಕಿ ಎ.ಸಿ.ಗೆ ಸಂಬಂಧಿಸಿದವು.

ಯಾವುದನ್ನು ನಾನೇ ಪರೀಕ್ಷಿಸಬಹುದು, ಯಾವುದಕ್ಕೆ ಎಲೆಕ್ಟ್ರಿಷಿಯನ್ ಬೇಕು?

ನೋಡುವುದು, ಮೂಸುವುದು, ಆಲಿಸುವುದು, ಯಾವ ಹೊತ್ತಿಗೆ ಏನಾಯಿತೆಂದು ಬರೆದಿಡುವುದು, ಎಂ.ಸಿ.ಬಿ.ಯನ್ನು ಇಳಿಸಿ ಏರಿಸುವುದು, ಪ್ಲಗ್ ಕಿತ್ತು ಅದರ ಪಿನ್‌ಗಳನ್ನು ಗಮನಿಸುವುದು: ಇವು ಮನೆಯವರ ಕೆಲಸ. ಸ್ವಿಚ್‌ಬೋರ್ಡ್ ಬಿಚ್ಚುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ. ಬೋರ್ಡಿನ ಸ್ವಿಚ್ ಆರಿಸಿದ್ದೇನಲ್ಲ ಎಂಬ ಧೈರ್ಯ ಸಾಲದು. ಸ್ವಿಚ್ಚು ಕರೆಂಟ್ ತರುವ ಫೇಸ್ ತಂತಿಯೊಂದನ್ನೇ ಕಡಿಯುತ್ತದೆ, ಅದು ಹಿಂದಿರುಗುವ ನ್ಯೂಟ್ರಲ್ ತಂತಿಯನ್ನಲ್ಲ. ಹಳೆಯ ಮನೆಗಳಲ್ಲಿ ಯಾರೋ ಅದನ್ನು ತಪ್ಪಿ ನ್ಯೂಟ್ರಲ್ ಮೇಲೆ ಕೂರಿಸಿದ್ದರೆ, ಆರಿಸಿದ ಮೇಲೂ ಸಾಕೆಟ್‌ನಲ್ಲಿ ವಿದ್ಯುತ್ ಇರುತ್ತದೆ.

ಮೀಟರ್, ಅದರ ಸೀಲ್, ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರ್, ಇವುಗಳ ತಂಟೆಗೆ ಎಲೆಕ್ಟ್ರಿಷಿಯನ್ ಕೂಡ ಹೋಗುವಂತಿಲ್ಲ. ಅಲ್ಲಿ ತೊಂದರೆ ಎಂದು ಅನುಮಾನ ಬಂದರೆ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಚೆಸ್ಕಾಂ ಎಲ್ಲಕ್ಕೂ ಅದೇ ಸಂಖ್ಯೆ.

ಎ.ಸಿ. ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತದೆ?

1.5 ಟನ್ನಿನ ಕಿಟಕಿ ಎ.ಸಿ. ಓಡುವಾಗ ಸುಮಾರು 1,500ರಿಂದ 1,800 ವ್ಯಾಟ್ ಬಳಸುತ್ತದೆ. ಅಂದರೆ ಸರಿಸುಮಾರು 7ರಿಂದ 8.5 ಆಂಪಿಯರ್. 1 ಟನ್ನಿನದು 5 ಆಂಪಿಯರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಎ.ಸಿ.ಯ ನಿಖರವಾದ ಅಂಕಿ ಅದರ ಪಕ್ಕಕ್ಕೋ ಹಿಂಬದಿಗೋ ಅಂಟಿಸಿರುವ ಪಟ್ಟಿಯ ಮೇಲಿದೆ, ಒಮ್ಮೆ ಓದಿ ಬರೆದಿಟ್ಟುಕೊಳ್ಳಿ.

ಇದು ಓಡುವಾಗಿನ ಮಾತು. ಇನ್ವರ್ಟರ್ ಅಲ್ಲದ (ಅಂದರೆ ಕಂಪ್ರೆಸರಿನ ವೇಗ ಹೆಚ್ಚು ಕಡಿಮೆ ಆಗದ) ಎ.ಸಿ.ಯ ಕಂಪ್ರೆಸರ್ ಚಾಲೂ ಆಗುವ ಗಳಿಗೆಯಲ್ಲಿ, ಸೆಕೆಂಡಿನ ಒಂದು ಭಾಗದಷ್ಟು ಹೊತ್ತು, ಅದರ ನಾಲ್ಕೈದು ಪಟ್ಟು ಕರೆಂಟ್ ನುಗ್ಗುತ್ತದೆ. 35ರಿಂದ 45 ಆಂಪಿಯರ್ ಎಂದಿಟ್ಟುಕೊಳ್ಳಿ. ಬಡಕಲು ವೈರಿಂಗ್ ಮೊದಲು ಸಿಕ್ಕಿಬೀಳುವುದು ಆ ಗಳಿಗೆಯಲ್ಲಿ. ಫ್ಯಾನು, ಟಿ.ವಿ., ಫ್ರಿಜ್ಜುಗಳನ್ನು ವರ್ಷಗಟ್ಟಲೆ ತಕರಾರಿಲ್ಲದೆ ನಡೆಸಿದ ಮನೆ ಎ.ಸಿ. ಬಂದ ದಿನವೇ ಕೈಕೊಡುವುದು ಇದಕ್ಕಾಗಿಯೇ.

ಎ.ಸಿ. ಹಾಕಿದರೆ ಎಂ.ಸಿ.ಬಿ. ಬೀಳುತ್ತದೆ. ಕಾರಣ ಹುಡುಕುವುದು ಹೇಗೆ?

ಗಡಿಯಾರ ನೋಡಿ. ಎ.ಸಿ. ಹಾಕಿದ ಎಷ್ಟು ಹೊತ್ತಿಗೆ ಬಿತ್ತು ಎಂಬುದರಲ್ಲಿ ಅರ್ಧ ಉತ್ತರ ಇದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಾಗ ಜನ ಹೇಳದೆ ಬಿಡುವ ಸಂಗತಿಯೂ ಅದೇ.

ಸ್ವಿಚ್ ಒತ್ತಿದ ತಕ್ಷಣ, ಕಂಪ್ರೆಸರ್ ಏಳುವ ಮೊದಲೇ ಬಿದ್ದರೆ ಎಲ್ಲೋ ನೇರ ಶಾರ್ಟ್ ಇದೆ. ಎ.ಸಿ.ಯ ಪ್ಲಗ್ ಕಿತ್ತು ಎಂ.ಸಿ.ಬಿ. ಏರಿಸಿ ನೋಡಿ. ಆಗಲೂ ಬಿದ್ದರೆ ದೋಷ ಗೋಡೆಯೊಳಗಿನ ವೈರಿಂಗಿನಲ್ಲಿ ಅಥವಾ ಸಾಕೆಟ್ಟಿನಲ್ಲಿ. ಬೀಳದಿದ್ದರೆ ಎ.ಸಿ.ಯ ಒಳಗೆ ಅಥವಾ ಅದರ ವೈರಿನಲ್ಲಿ. ಇಲಿ ಕಡಿದ ವೈರನ್ನು ಮರೆಯಬೇಡಿ. ಚಳಿಗಾಲವೆಲ್ಲ ಸುಮ್ಮನಿದ್ದ ಕಿಟಕಿ ಎ.ಸಿ.ಯ ಬೆನ್ನಿನ ಭಾಗ ಇಲಿ, ಹಲ್ಲಿ, ಗೂಡು ಕಟ್ಟುವ ಹಕ್ಕಿಗಳಿಗೆ ಒಳ್ಳೆಯ ಆಸರೆ. ಶಾರ್ಟ್ ಅನುಮಾನ ಇದ್ದಾಗ ಮತ್ತೆ ಮತ್ತೆ ಏರಿಸಿ ಪರೀಕ್ಷಿಸಬೇಡಿ, ಒಂದು ಸಲ ಸಾಕು.

ಫ್ಯಾನ್ ಚೆನ್ನಾಗಿ ತಿರುಗಿ, ಕಂಪ್ರೆಸರ್ ಏಳುವಾಗ ಟಪ್ಪೆಂದು ಬಿದ್ದರೆ ಎಂ.ಸಿ.ಬಿ.ಯ ಜಾತಿ ನೋಡಿ. ಅದರ ಮುಖದ ಮೇಲೆ ಆಂಪಿಯರ್ ಅಂಕಿಗೆ ಮುಂಚೆ ಬಿ ಅಥವಾ ಸಿ ಎಂಬ ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತದೆ. ಬಿ ವರ್ಗದ್ದು ತನ್ನ ಅಂಕಿಯ 3ರಿಂದ 5 ಪಟ್ಟಿಗೆ ತಕ್ಷಣ ಬೀಳುತ್ತದೆ, ಸಿ ವರ್ಗದ್ದು 5ರಿಂದ 10 ಪಟ್ಟಿಗೆ. ಬಿ ವರ್ಗದ 10 ಆಂಪಿಯರ್ ಎಂ.ಸಿ.ಬಿ. 30ರಿಂದ 50 ಆಂಪಿಯರ್ ನಡುವೆಯೇ ಬೀಳುವಂಥದ್ದು. ಕಂಪ್ರೆಸರಿನ ನೂಕು ಸರಿಯಾಗಿ ಅಲ್ಲಿಗೇ ಬರುತ್ತದೆ. ಮೋಟರ್ ಇರುವ ಯಂತ್ರಕ್ಕೆ ಸಿ ವರ್ಗದ ಎಂ.ಸಿ.ಬಿ.ಯೇ ಸರಿ.

ಕಂಪ್ರೆಸರ್ ಏಳಲು ಹೋಗಿ ಏಳಲಾಗದೆ ಗುಂಯ್ ಎಂದು ಗುನುಗಿ, ಕೆಲವು ಸೆಕೆಂಡುಗಳಲ್ಲಿ ಟಿಕ್ ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಮಾಡಿದರೆ ಎರಡು ಸಾಧ್ಯತೆಗಳಿವೆ. ಒಂದು, ಕಂಪ್ರೆಸರ್ ಏಳಲು ನೂಕು ಕೊಡುವ ಕೆಪಾಸಿಟರ್ ಸತ್ತಿದೆ. ಇನ್ನೊಂದು, ವೋಲ್ಟೇಜ್ ಸಾಲುತ್ತಿಲ್ಲ. ಹಗಲು ಹೊತ್ತಿನಲ್ಲಿ ಸಲೀಸಾಗಿ ಎದ್ದು, ರಾತ್ರಿ ಎಂಟು ಗಂಟೆಗೆ ಗುನುಗಿದರೆ ವೋಲ್ಟೇಜ್ ಮೇಲೆ ಅನುಮಾನ ಪಡಿ. ಎಲ್ಲ ಹೊತ್ತಿನಲ್ಲೂ ಗುನುಗಿದರೆ ಮೆಕ್ಯಾನಿಕ್ ಕೆಪಾಸಿಟರ್ ನೋಡಲಿ. ಕೆಪಾಸಿಟರನ್ನು ನೀವು ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

ಇಪ್ಪತ್ತು ನಿಮಿಷ, ಮುಕ್ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಬಿದ್ದರೆ ಅದು ಬಿಸಿಯ ಸಮಸ್ಯೆ. ಮಲಗುವ ಕೋಣೆಯ ಎ.ಸಿ.ಯೂ ಪಕ್ಕದ ಬಚ್ಚಲಿನ ಗೀಸರೂ ಒಂದೇ 16 ಆಂಪಿಯರ್ ಎಂ.ಸಿ.ಬಿ.ಯ ಕೆಳಗಿರುವ ಮನೆಗಳು ಬಹಳ. ಎ.ಸಿ.ಗೆ 8, 2,000 ವ್ಯಾಟ್ ಗೀಸರಿಗೆ 8.7, ಒಟ್ಟು 16.7 ಆಂಪಿಯರ್. 16ಕ್ಕಿಂತ ತುಸು ಹೆಚ್ಚಾದರೂ ಇಷ್ಟನ್ನು ಆ ಎಂ.ಸಿ.ಬಿ. ತಡೆದುಕೊಳ್ಳಬೇಕು ಎಂದು ಕಾಗದದ ಲೆಕ್ಕ ಹೇಳುತ್ತದೆ. ಆದರೆ ಆ ಲೆಕ್ಕ 30 ಡಿಗ್ರಿ ಉಷ್ಣಾಂಶಕ್ಕೆ ಮಾಡಿದ್ದು. ಏಪ್ರಿಲ್ ತಿಂಗಳಲ್ಲಿ ಪಡುವಣ ಬಿಸಿಲು ಬೀಳುವ ಗೋಡೆಯ ಮೇಲಿನ ಡಬ್ಬಿಯೊಳಗೆ ಅಕ್ಕಪಕ್ಕದ ಎಂ.ಸಿ.ಬಿ.ಗಳ ಕಾವೂ ಸೇರಿದಾಗ ಅದು ಬೇಗ ಸೋಲುತ್ತದೆ. ಗೀಸರ್ ಆರಿಸಿದ ದಿನ ಬೀಳದಿದ್ದರೆ ಕಾರಣ ಸಿಕ್ಕಿತು. ಎ.ಸಿ. ಒಂದೇ ಓಡುತ್ತಿದ್ದರೂ ಬಿದ್ದರೆ, ಎಂ.ಸಿ.ಬಿ.ಯ ತಿರುಪಿನ ಬುಡದಲ್ಲಿ ಸಡಿಲ ಸಂಪರ್ಕ ಇದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಲಿ. ಸಡಿಲವಾದ ತಿರುಪಿನ ಕಾವು ಎಂ.ಸಿ.ಬಿ.ಯ ಒಳಗಿನ ಲೋಹದ ಪಟ್ಟಿಗೆ ಹರಿದು, ಲೋಡ್ ಹೆಚ್ಚಾದಾಗ ಬೀಳುವಂತೆಯೇ ಅದನ್ನು ಬೀಳಿಸುತ್ತದೆ.

ಹಾಗಾದರೆ 32 ಆಂಪಿಯರಿನ ದೊಡ್ಡ ಎಂ.ಸಿ.ಬಿ. ಹಾಕಿಬಿಡಬಹುದೇ?

ಬೇಡ. ಎಂ.ಸಿ.ಬಿ. ಇರುವುದು ಎ.ಸಿ.ಯ ರಕ್ಷಣೆಗಲ್ಲ, ಗೋಡೆಯೊಳಗಿನ ವೈರಿನ ರಕ್ಷಣೆಗೆ. 1.5 ಚದರ ಮಿ.ಮೀ. ವೈರಿನ ಮೇಲೆ 32 ಆಂಪಿಯರ್ ಎಂ.ಸಿ.ಬಿ. ಕೂರಿಸಿದರೆ, ವೈರಿನ ಪಿ.ವಿ.ಸಿ. ಹೊದಿಕೆ ಮೆತ್ತಗಾಗಿ ಹೊಗೆ ಬಂದರೂ ಎಂ.ಸಿ.ಬಿ. ಕದಲುವುದಿಲ್ಲ. ಮೊದಲು ವೈರಿನ ದಪ್ಪ ನೋಡಿ, ಅದಕ್ಕೆ ತಕ್ಕ ಎಂ.ಸಿ.ಬಿ. ಆಮೇಲೆ. 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ಲೈನ್ ಇದ್ದರೆ ಸಿ ವರ್ಗದ 20 ಆಂಪಿಯರ್ ಸರಿಹೋಗುತ್ತದೆ.

ಹಳೆಯ ಮನೆಗಳ ಕಿಟ್‌ಕ್ಯಾಟ್ ಫ್ಯೂಸಿಗೂ ಇದೇ ಮಾತು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಹರಿದ ವೈರಿನಿಂದ ಎರಡು ಮೂರು ಎಳೆ ತಾಮ್ರ ಕಿತ್ತು ಕಟ್ಟುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಆ ಫ್ಯೂಸ್ ಮತ್ತೆಂದೂ ಹೋಗುವುದಿಲ್ಲ, ಅದರ ಬದಲು ವೈರ್ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ.

ಪ್ಲಗ್ ಮುಟ್ಟಿದರೆ ಬಿಸಿ, ಕೋಣೆಯಲ್ಲಿ ಏನೋ ವಾಸನೆ. ಇದು ಸಹಜವೇ?

ಪ್ಲಗ್ ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಬಿಸಿ ಇರಬಾರದು. ಹಸಿ ಮೀನಿನಂಥ ಅಥವಾ ಸುಟ್ಟ ಪ್ಲಾಸ್ಟಿಕ್ಕಿನಂಥ ವಾಸನೆ ಬಂದರೆ ಆ ಹೊತ್ತಿಗೇ ಎ.ಸಿ. ನಿಲ್ಲಿಸಿ ಎಂ.ಸಿ.ಬಿ. ಇಳಿಸಿ. ಮೀನು ತಾರದ ಮನೆಯಲ್ಲಿ ಮೀನಿನ ವಾಸನೆ ಬಂದರಂತೂ ಅನುಮಾನವೇ ಬೇಡ, ಕೆಲವು ಬಗೆಯ ಪ್ಲಗ್, ಸ್ವಿಚ್ಚುಗಳ ಪ್ಲಾಸ್ಟಿಕ್ ಕಾದಾಗ ಹಾಗೆಯೇ ನಾರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಎ.ಸಿ. ಅರ್ಧ ಗಂಟೆ ಓಡಿದ ಮೇಲೆ ರಿಮೋಟ್ ಅಥವಾ ಗುಂಡಿಯಿಂದ ನಿಲ್ಲಿಸಿ, ಸ್ವಿಚ್ ಆರಿಸಿ, ಎಂ.ಸಿ.ಬಿ.ಯನ್ನೂ ಇಳಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗ ಹಿಡಿದು ಎಳೆಯಿರಿ. ಪಿನ್‌ಗಳನ್ನು ಮುಟ್ಟದೆ ಹತ್ತಿರದಿಂದ ನೋಡಿ. ಮೂರು ಪಿನ್‌ಗಳೂ ಒಂದೇ ಹೊಳಪಿನಲ್ಲಿದ್ದರೆ ಚಿಂತೆಯಿಲ್ಲ. ಒಂದು ಪಿನ್ ಮಾತ್ರ ಕಪ್ಪಿಟ್ಟಿದ್ದರೆ, ಅದರ ಬುಡದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದ್ದರೆ, ಸಾಕೆಟ್ಟಿನ ಅದೇ ತೂತಿನ ಸುತ್ತ ಹಳದಿ ಉಂಗುರ ಮೂಡಿದ್ದರೆ ಸಂಪರ್ಕ ಸಡಿಲವಾಗಿದೆ. ಇಂಥ ಸಾಕೆಟ್ ಬಿಚ್ಚಿದಾಗ ಒಳಗಿನ ಹಿತ್ತಾಳೆಯ ತುಟಿಗಳು ನೀಲಿಗಪ್ಪಾಗಿ, ಪಿನ್ನನ್ನು ಕಚ್ಚಿ ಹಿಡಿಯುವ ಬಿಗಿ ಕಳೆದುಕೊಂಡು ಬಾಯಿ ಬಿಟ್ಟಿರುತ್ತವೆ. ವೈರಿನ ಕೆಂಪು ಹೊದಿಕೆ ತುದಿಯಿಂದ ಒಂದೆರಡು ಅಂಗುಲ ಸೆಟೆದುಕೊಂಡು, ಬಾಗಿಸಿದರೆ ಪುಡಿಯಾಗಿ ಉದುರುತ್ತದೆ.

ಇಷ್ಟು ಕಾವು ಎಲ್ಲಿಂದ ಬಂತು? ಸಡಿಲವಾದ ಆ ಒಂದು ಜಾಗದಲ್ಲಿ ಅರ್ಧ ಓಮ್ ತಡೆ ಇದೆ ಎಂದುಕೊಳ್ಳಿ. 8 ಆಂಪಿಯರ್ ಹರಿದಾಗ 8 ಗುಣಿಸು 8 ಗುಣಿಸು 0.5, ಅಂದರೆ 32 ವ್ಯಾಟ್ ಅಲ್ಲೇ ಕಾವಾಗಿ ಉಳಿಯುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಅದಕ್ಕಿಂತ ಬಲವಾದ ಕಡ್ಡಿಯೊಂದನ್ನು ಸಾಕೆಟ್ಟಿನೊಳಗೆ ಇಟ್ಟು ರಾತ್ರಿಯಿಡೀ ಉರಿಸಿದಂತೆ. ಇದಕ್ಕೆ ಎಂ.ಸಿ.ಬಿ. ಬೀಳುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಡಿ. ಹರಿಯುವ ಕರೆಂಟ್ ಹೆಚ್ಚಾಗಿಲ್ಲವಾದ್ದರಿಂದ ಅದಕ್ಕೆ ಏನೂ ತಿಳಿಯುವುದಿಲ್ಲ. ಇಲ್ಲಿ ಕಾವಲು ಕಾಯಬೇಕಾದವರು ನೀವೇ.

ಪ್ಲಗ್ ಮಾತ್ರ ಬದಲಾಯಿಸಿ ಹಳೆಯ ಸಾಕೆಟ್ ಉಳಿಸಬೇಡಿ, ಎರಡನ್ನೂ ಒಟ್ಟಿಗೆ ತೆಗೆಸಿ. ಸುಟ್ಟ ವೈರಿನ ತುದಿಯನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿಸಿ. ಸಾಧ್ಯವಾದರೆ ಸಾಮಾನ್ಯ ಸಾಕೆಟ್ಟಿನ ಬದಲು ಲೋಹದ ಎ.ಸಿ. ಬಾಕ್ಸ್ ಹಾಕಿಸಿ. ಅದರಲ್ಲಿ ಗಟ್ಟಿ ಸಾಕೆಟ್ ಜೊತೆಗೆ ಎಂ.ಸಿ.ಬಿ.ಯೂ ಇರುತ್ತದೆ.

ಸಾಕೆಟ್ಟನ್ನು ಎ.ಸಿ.ಯ ನೇರ ಕೆಳಗೆ ಕೂರಿಸಿದ್ದರೆ ಇನ್ನೊಂದು ಎಚ್ಚರ ಬೇಕು. ಎ.ಸಿ.ಯ ನೀರು ಕೋಣೆಯ ಕಡೆಗೆ ಒಸರಿದರೆ ವೈರಿನ ಗುಂಟ ಇಳಿದು ಪ್ಲಗ್ಗಿನೊಳಕ್ಕೇ ಹೋಗುತ್ತದೆ. ವೈರ್ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುವ ಹಾಗೆ ಬಿಡಿ, ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಎ.ಸಿ.ಗೆ ಯಾವ ವೈರ್ ಎಳೆಸಬೇಕು?

ಮೀಟರ್ ಪಕ್ಕದ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ (ಎಂ.ಸಿ.ಬಿ.ಗಳಿರುವ ಡಬ್ಬಿಯಿಂದ) ಎ.ಸಿ.ಯ ಸಾಕೆಟ್ ತನಕ, ನಡುವೆ ಎಲ್ಲೂ ಗಂಟು ಹಾಕದೆ, ಬೇರೆ ಯಾವ ಸಾಕೆಟ್ಟಿಗೂ ಕವಲು ಕೊಡದೆ, 4 ಚದರ ಮಿ.ಮೀ. ತಾಮ್ರದ ವೈರ್. ಇಡೀ ಪುಟದಲ್ಲಿ ಒಂದೇ ಸಲಹೆ ಪಾಲಿಸುವಿರಾದರೆ ಇದನ್ನು ಪಾಲಿಸಿ. 2.5 ಚದರ ಮಿ.ಮೀ. ವೈರ್ 8 ಆಂಪಿಯರನ್ನು ಸುಡದೆ ಹೊರುತ್ತದೆ, ನಿಜ. ಆದರೆ ದೂರ ಮತ್ತು ಸೆಕೆಯ ಲೆಕ್ಕ ಸೇರಿದಾಗ 4ರದ್ದು ನೆಮ್ಮದಿ ಕೊಡುತ್ತದೆ.

ದೂರದ ಲೆಕ್ಕ ಹೀಗೆ. ಬೋರ್ಡಿನಿಂದ ಎ.ಸಿ.ಗೆ 20 ಮೀಟರ್ ಎಂದುಕೊಳ್ಳಿ. ಹೋಗುವ ಫೇಸ್, ಬರುವ ನ್ಯೂಟ್ರಲ್ ಸೇರಿ 40 ಮೀಟರ್ ತಾಮ್ರ. 1.5 ಚದರ ಮಿ.ಮೀ. ಆದರೆ ಅದರ ತಡೆ ಸುಮಾರು 0.47 ಓಮ್, 4 ಆದರೆ 0.18 ಓಮ್. ಓಡುವಾಗ ಮೊದಲನೆಯದರಲ್ಲಿ ಸುಮಾರು 4 ವೋಲ್ಟ್ ಕಳೆದುಹೋಗುತ್ತದೆ, ಅದು ದೊಡ್ಡದಲ್ಲ. ಕಂಪ್ರೆಸರ್ ಏಳುವಾಗಿನ 40 ಆಂಪಿಯರಿಗೆ ಕಳೆದುಹೋಗುವುದು 19 ವೋಲ್ಟ್. 4ರ ವೈರಿನಲ್ಲಿ 7. ರಾತ್ರಿ ಮೀಟರಿನ ಹತ್ತಿರವೇ 195 ವೋಲ್ಟ್ ಇರುವ ಊರಿನಲ್ಲಿ ಈ 12 ವೋಲ್ಟಿನ ಅಂತರವೇ ಕಂಪ್ರೆಸರ್ ಏಳುವುದಕ್ಕೂ ಗುನುಗುವುದಕ್ಕೂ ಇರುವ ಅಂತರ.

ಸೋರಿದ ಕರೆಂಟನ್ನು ನೆಲಕ್ಕೆ ಸಾಗಿಸುವ ಅರ್ಥ್ ತಂತಿಯನ್ನು ಮರೆಯುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಹಸಿರು ತಂತಿ ಬೋರ್ಡಿನಿಂದ ಸಾಕೆಟ್ ತನಕ ಬಂದಿದೆಯೇ ಎಂದು ಕೆಲಸ ನಡೆಯುವಾಗಲೇ ನಿಂತು ನೋಡಿ. ವೈರಿಗೆ ಐ.ಎಸ್.ಐ. ಗುರುತು ಇರಲಿ.

ಕಂಪ್ರೆಸರ್ ಎದ್ದಾಗ ಮನೆಯ ದೀಪಗಳು ಮಿಣುಕುತ್ತವೆ. ಗಾಬರಿ ಪಡಬೇಕೇ?

ಕಣ್ಣು ಮಿಟುಕಿಸುವಷ್ಟು ಹೊತ್ತು ಮಂಕಾಗಿ ಸರಿಹೋದರೆ ಗಾಬರಿ ಬೇಡ, ಆರಂಭದ ಆ ನೂಕಿಗೆ ಅಷ್ಟಾಗುತ್ತದೆ. ಎ.ಸಿ. ಓಡುವಷ್ಟು ಹೊತ್ತೂ ಮಂಕಾಗಿಯೇ ಇದ್ದರೆ, ಅಥವಾ ಮಂಕು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಎಲ್ಲೋ ಒಂದು ಜೋಡಣೆ ಸಡಿಲವಾಗುತ್ತಿದೆ. ಆ ಕೋಣೆಯ ದೀಪಗಳು ಮಾತ್ರ ಮಂಕಾದರೆ ಆ ಕೋಣೆಯ ಲೈನಿನಲ್ಲಿ ಹುಡುಕಿ. ಮನೆಯ ದೀಪಗಳೆಲ್ಲ ಮಂಕಾದರೆ ಮೇನ್ ಸ್ವಿಚ್, ಮೀಟರ್, ಸರ್ವಿಸ್ ವೈರ್ ಕಡೆಗೆ ನೋಡಿ. ನಿಮ್ಮ ಮನೆಯ ಜೊತೆಗೆ ಪಕ್ಕದ ಮನೆಯ ದೀಪವೂ ಮಂಕಾದರೆ ತೊಂದರೆ ಕಂಬದಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ಇದೆ.

ದೀಪಗಳು ಮಂಕಾಗುವ ಬದಲು ಇನ್ನಷ್ಟು ಪ್ರಖರವಾಗುತ್ತವೆ. ಇದೇನು?

ಕೂಡಲೇ ಮೇನ್ ಇಳಿಸಿ, ಆಮೇಲೆ ಓದಿ.

ಮೂರು ಫೇಸಿನ ಸಂಪರ್ಕ ಇರುವ ಮನೆಯಲ್ಲಿ ಎ.ಸಿ. ಹಾಕಿದಾಗ ಒಂದು ಕಡೆಯ ದೀಪಗಳು ಮಂಕಾಗಿ ಇನ್ನೊಂದು ಕಡೆಯವು ಕೋರೈಸಿದರೆ ನ್ಯೂಟ್ರಲ್ ಸಡಿಲವಾಗಿದೆ ಅಥವಾ ಕಡಿದಿದೆ. ನ್ಯೂಟ್ರಲ್ ಹೋದರೆ ಎರಡು ಫೇಸುಗಳ ನಡುವಿನ 400 ವೋಲ್ಟನ್ನು ನಿಮ್ಮ ಮನೆಯ ಸಾಮಾನುಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ, ಅದೂ ಸಮನಾಗಿ ಅಲ್ಲ. ಹೆಚ್ಚು ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಕುಸಿದು, ಕಡಿಮೆ ಲೋಡ್ ಇರುವ ಕಡೆ 300 ದಾಟುತ್ತದೆ. ಟಿ.ವಿ., ಫ್ರಿಜ್, ರೂಟರ್ ಎಲ್ಲ ಒಂದೇ ನಿಮಿಷದಲ್ಲಿ ಸುಟ್ಟುಹೋಗಬಹುದು. ಒಂದೇ ಫೇಸಿನ ಮನೆಯಲ್ಲೂ ಬೀದಿಯ ನ್ಯೂಟ್ರಲ್ ಕಡಿದರೆ ಇದೇ ಗತಿ. 1912ಕ್ಕೆ ಕರೆ ಮಾಡಿ ನ್ಯೂಟ್ರಲ್ ಹೋಗಿದೆ, ವೋಲ್ಟೇಜ್ ಏರುತ್ತಿದೆ ಎಂದೇ ಹೇಳಿ. ಬರೀ ಕರೆಂಟ್ ಸರಿಯಿಲ್ಲ ಎಂದರೆ ತುರ್ತು ಅರ್ಥವಾಗುವುದಿಲ್ಲ.

ವೋಲ್ಟೇಜ್ ಕಡಿಮೆ. ತಪ್ಪು ನಮ್ಮ ಮನೆಯದೋ, ಬೀದಿಯದೋ?

ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಕೊಟ್ಟು ನಾಲ್ಕು ಅಂಕಿ ಬರೆಸಿಕೊಳ್ಳಿ. ಎ.ಸಿ. ನಿಂತಿರುವಾಗ ಡಿಸ್ಟ್ರಿಬ್ಯೂಷನ್ ಬೋರ್ಡಿನ ಬಳಿ ಎಷ್ಟು, ಸಾಕೆಟ್ಟಿನ ಬಳಿ ಎಷ್ಟು? ಕಂಪ್ರೆಸರ್ ಓಡುವಾಗ ಬೋರ್ಡಿನ ಬಳಿ ಎಷ್ಟು, ಸಾಕೆಟ್ಟಿನ ಬಳಿ ಎಷ್ಟು?

ನಿಂತಿರುವಾಗ ಎರಡೂ ಕಡೆ 225, ಓಡುವಾಗ ಬೋರ್ಡಿನಲ್ಲಿ 222, ಸಾಕೆಟ್ಟಿನಲ್ಲಿ 208 ಬಂತು ಎನ್ನಿ. ಬೋರ್ಡಿಗೂ ಸಾಕೆಟ್ಟಿಗೂ ನಡುವೆ 14 ವೋಲ್ಟ್ ಮಾಯವಾಗಿದೆ. ಅದು ವೈರ್ ತೆಳ್ಳಗಿರುವುದರಿಂದಲೋ ಜೋಡಣೆ ಸಡಿಲವಾಗಿರುವುದರಿಂದಲೋ, ಅಂತೂ ನಿಮ್ಮ ಮನೆಯ ತಪ್ಪು. ಅದರ ಬದಲು ಬೋರ್ಡಿನಲ್ಲೇ 225 ಇದ್ದದ್ದು 205ಕ್ಕೆ ಕುಸಿದು, ಸಾಕೆಟ್ಟಿನಲ್ಲಿ 203 ಇದ್ದರೆ ಮನೆಯ ವೈರಿಂಗ್ ಚೆನ್ನಾಗಿದೆ. ಮೇನ್ ಸ್ವಿಚ್ಚಿನ ತಿರುಪುಗಳನ್ನು ಎಲೆಕ್ಟ್ರಿಷಿಯನ್ ನೋಡಲಿ, ಅಲ್ಲೂ ಸರಿ ಇದ್ದರೆ ಸರ್ವಿಸ್ ವೈರ್ ಅಥವಾ ಕಂಬದ ಮೇಲಿನ ಸುತ್ತಿದ ಜೋಡಣೆಯ ಬಗ್ಗೆ ದೂರು ಕೊಡಿ. ಎ.ಸಿ. ನಿಂತಿರುವಾಗಲೇ ಬೋರ್ಡಿನಲ್ಲಿ 190 ಇದ್ದರೆ ಇಡೀ ಬೀದಿಗೇ ಸಾಲುತ್ತಿಲ್ಲ. ಬೇಸಿಗೆಯ ರಾತ್ರಿ ಬೀದಿಯ ಎ.ಸಿ.ಗಳೆಲ್ಲ ಒಟ್ಟಿಗೆ ಏಳುವ ಹೊತ್ತಿನಲ್ಲೂ, ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಕೊಡುವ ಹೊತ್ತಿನಲ್ಲೂ ಹೀಗಾಗುತ್ತದೆ. ಅಕ್ಕಪಕ್ಕದವರನ್ನು ಕೂಡಿಸಿಕೊಂಡು, ಹೊತ್ತು ಮತ್ತು ಅಂಕಿಗಳ ಸಮೇತ ಲಿಖಿತ ದೂರು ಕೊಟ್ಟರೆ ಅದಕ್ಕೆ ತೂಕ ಬರುತ್ತದೆ.

ಸ್ಟೆಬಿಲೈಸರ್ ಹಾಕಿದರೆ ಎಲ್ಲ ಸರಿಹೋಗುವುದಿಲ್ಲವೇ?

ಬೀದಿಯ ವೋಲ್ಟೇಜ್ ಏರಿಳಿದರೆ ಸ್ಟೆಬಿಲೈಸರ್ ಬೇಕು, 1.5 ಟನ್ನಿಗೆ 4 ಕೆ.ವಿ.ಎ. ವಾಡಿಕೆ. ಆದರೆ ತೆಳು ವೈರಿಗೆ ಅದು ಮದ್ದಲ್ಲ, ಬದಲಿಗೆ ಕಾಯಿಲೆ ಹೆಚ್ಚಿಸುತ್ತದೆ. ಸಾಕೆಟ್ಟಿನಲ್ಲಿ 180 ವೋಲ್ಟ್ ಬಂದಾಗ ಅದನ್ನು 220ಕ್ಕೆ ಏರಿಸಿ ಎ.ಸಿ.ಗೆ ಕೊಡುವ ಸ್ಟೆಬಿಲೈಸರ್, ಆ ಹೆಚ್ಚುವರಿಯನ್ನು ಗೋಡೆಯ ವೈರಿನಿಂದ ಹೆಚ್ಚು ಆಂಪಿಯರ್ ಎಳೆದೇ ಸರಿದೂಗಿಸಬೇಕು. 7 ಆಂಪಿಯರ್ ಹರಿಯುತ್ತಿದ್ದಲ್ಲಿ 9 ಹರಿಯುತ್ತದೆ. ಸಡಿಲ ಜಾಗದ ಕಾವು ಕರೆಂಟಿನ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಅದು ಒಂದೂವರೆ ಪಟ್ಟಿಗಿಂತ ಮೇಲಾಗುತ್ತದೆ. ಮೊದಲು ವೈರಿಂಗ್, ಆಮೇಲೆ ಸ್ಟೆಬಿಲೈಸರ್.

ಅದರಲ್ಲಿ ಸುಮಾರು ಮೂರು ನಿಮಿಷದ ವಿಳಂಬ ಇರಲಿ. ಕರೆಂಟ್ ಹೋಗಿ ತಕ್ಷಣ ಬಂದಾಗ, ಒಳಗಿನ ಗ್ಯಾಸಿನ ಒತ್ತಡ ಸಮವಾಗುವ ಮೊದಲೇ ಕಂಪ್ರೆಸರ್ ಏಳಲು ಹೋದರೆ ಅದು ತಿರುಗಲಾರದೆ ಸಿಕ್ಕಿಕೊಳ್ಳುತ್ತದೆ, ಎಂ.ಸಿ.ಬಿ. ಬೀಳುತ್ತದೆ.

ಎಂ.ಸಿ.ಬಿ. ಅಲ್ಲ, ಆರ್.ಸಿ.ಸಿ.ಬಿ. ಬೀಳುತ್ತಿದೆ. ಏನು ವ್ಯತ್ಯಾಸ?

ಪರೀಕ್ಷಾ ಗುಂಡಿ ಇರುವ ಅಗಲವಾದ ಸ್ವಿಚ್ ಅದು. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ಹಿಂದಿರುಗುತ್ತಿದೆಯೇ ಎಂದು ಅದು ತಾಳೆ ನೋಡುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಕಡಿದುಹಾಕುತ್ತದೆ. ಅಂದರೆ ಎಲ್ಲೋ ಕರೆಂಟ್ ಭೂಮಿಗೆ ಸೋರುತ್ತಿದೆ. ಮನುಷ್ಯರ ಜೀವ ಕಾಯುವ ಸಾಧನ ಇದು. ಕಾಟ ಕೊಡುತ್ತದೆಂದು ಅದನ್ನು ತಪ್ಪಿಸಿ ನೇರ ಜೋಡಿಸಲು ಯಾರು ಹೇಳಿದರೂ ಒಪ್ಪಬೇಡಿ.

ಎ.ಸಿ.ಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ನೋಡಿ. ನ್ಯೂಟ್ರಲ್ ಕಡೆಯಿಂದ ಸೋರಿಕೆ ಇದ್ದರೆ ಸ್ವಿಚ್ ಆರಿಸಿದರೂ ಅದು ಮುಂದುವರಿಯುತ್ತದೆ. ಪ್ಲಗ್ ಕಿತ್ತ ಮೇಲೆ ಬೀಳದಿದ್ದರೆ ಎ.ಸಿ.ಯೊಳಗೆ ಫ್ಯಾನ್ ಮೋಟರಿಗೆ ತೇವ ಹಿಡಿದಿರಬಹುದು, ಕಂಪ್ರೆಸರಿನ ಸುರುಳಿ ಮೈಗೆ ತಾಗುತ್ತಿರಬಹುದು. ಮಳೆ ಬಂದ ದಿನ ಮಾತ್ರ ಬಿದ್ದರೆ ತೇವದ ಸಾಧ್ಯತೆಯೇ ಹೆಚ್ಚು. ಮೆಕ್ಯಾನಿಕ್ 500 ವೋಲ್ಟಿನ ಮೆಗ್ಗರ್ (ಹೊದಿಕೆಯ ತಡೆ ಅಳೆಯುವ ಮೀಟರ್) ಹಾಕಿ ಸೋರಿಕೆ ನೋಡಲಿ.

ಎ.ಸಿ.ಗೆ ಹೊಸ ಲೈನ್ ಎಳೆದ ದಿನದಿಂದ ಶುರುವಾಗಿದ್ದರೆ ಬಹುಪಾಲು ನ್ಯೂಟ್ರಲ್ ಅದಲುಬದಲಾಗಿದೆ: ಫೇಸನ್ನು ಆರ್.ಸಿ.ಸಿ.ಬಿ.ಯಿಂದ ತೆಗೆದು, ನ್ಯೂಟ್ರಲನ್ನು ಹತ್ತಿರದಲ್ಲಿ ಸಿಕ್ಕ ಬೇರೆ ಗುಂಪಿಗೆ ಸೇರಿಸಿರುತ್ತಾರೆ. ಯು.ಪಿ.ಎಸ್. ಲೈನ್ ಇರುವ ಮನೆಗಳಲ್ಲಿ ಇದು ತೀರಾ ಸಾಮಾನ್ಯ.

ಎ.ಸಿ.ಯ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ.

ಅರ್ಥಿಂಗ್ ಇಲ್ಲ, ಅಥವಾ ಎಲ್ಲೋ ಕಡಿದಿದೆ. ಸರಿಹೋಗುವ ತನಕ ಎ.ಸಿ. ಹಾಕಬೇಡಿ, ಮಕ್ಕಳನ್ನು ಆ ಕಿಟಕಿಯ ಹತ್ತಿರ ಬಿಡಬೇಡಿ. ಕಬ್ಬಿಣದ ಕಿಟಕಿಯ ಚೌಕಟ್ಟಿನಲ್ಲಿ ಕೂತಿರುವ ಎ.ಸಿ.ಯಾದರೆ ಸರಳುಗಳೂ ವಿದ್ಯುತ್ ಹೊರಬಹುದು, ಹೊರಗಡೆ ಬಟ್ಟೆ ಒಣಹಾಕುವ ತಂತಿಯನ್ನು ಆ ಸರಳಿಗೆ ಕಟ್ಟಿದ್ದರೆ ಅದೂ ಅಷ್ಟೇ.

ಸಾಕೆಟ್ಟಿನ ಅರ್ಥ್ ತೂತಿನಿಂದ ನೆಲದ ಅರ್ಥ್ ಗುಂಡಿಯ ತನಕ ತಂತಿ ಹರಿಯದೆ ಬಂದಿದೆಯೇ ಎಂದು ಎಲೆಕ್ಟ್ರಿಷಿಯನ್ ಪರೀಕ್ಷಿಸಲಿ. ಹಳೆಯ ಮನೆಗಳಲ್ಲಿ ಜಿ.ಐ. ಪೈಪಿನ ಮೇಲ್ತುದಿಯ ನಟ್ಟು ತುಕ್ಕು ಹಿಡಿದು ತಂತಿ ಬರಿದೇ ತಗುಲಿಕೊಂಡಿರುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿದಷ್ಟೂ ಅರ್ಥಿಂಗ್ ದುರ್ಬಲವಾಗುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ವಾರಕ್ಕೊಂದೆರಡು ಸಲ ನೀರು ಹೊಯ್ಯಿರಿ. ನಲ್ಲಿಯ ಪೈಪಿಗೆ ಅರ್ಥ್ ಕಟ್ಟುವ ಹಳೆಯ ರೂಢಿ ಈಗಿನ ಪಿ.ವಿ.ಸಿ. ಪೈಪುಗಳ ಕಾಲದಲ್ಲಿ ಕೆಲಸಕ್ಕೆ ಬಾರದು.

ಅರ್ಥ್ ಇಲ್ಲವೆಂದು ಸಾಕೆಟ್ಟಿನೊಳಗೇ ನ್ಯೂಟ್ರಲಿನಿಂದ ಅರ್ಥ್ ತೂತಿಗೆ ತುಂಡು ತಂತಿ ಜೋಡಿಸುವವರೂ ಇದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಎ.ಸಿ.ಯ ಇಡೀ ಮೈಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ಅಂಥ ಜೋಡಣೆ ಕಂಡರೆ ಅಂದೇ ತೆಗೆಸಿ.

ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹಾಕಬಹುದೇ? 16 ಆಂಪಿಯರ್ ಪ್ಲಗ್ಗನ್ನು 6 ಆಂಪಿಯರ್ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಷನ್ ಪ್ಲಗ್?

ಎರಡೂ ಬೇಡ, ಒಂದು ರಾತ್ರಿಯ ಮಟ್ಟಿಗೂ ಬೇಡ.

ಇನ್ವರ್ಟರ್ ಎ.ಸಿ.ಗೆ ಹಳೆಯ ವೈರಿಂಗ್ ಸಾಕೇ?

ಅದು ನಿಧಾನವಾಗಿ ವೇಗ ಹೆಚ್ಚಿಸಿಕೊಳ್ಳುವುದರಿಂದ ಆರಂಭದ ನೂಕು ಇರುವುದಿಲ್ಲ, ದೀಪಗಳು ಮಿಣುಕುವುದಿಲ್ಲ. ಆದರೆ ಕಡುಬೇಸಿಗೆಯಲ್ಲಿ ಪೂರ್ತಿ ಸಾಮರ್ಥ್ಯದಲ್ಲಿ ಗಂಟೆಗಟ್ಟಲೆ ಓಡುವಾಗ ಹೆಚ್ಚು ಕಡಿಮೆ ಅಷ್ಟೇ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಇಳಿದರೆ ಇನ್ನೂ ಹೆಚ್ಚು. ಸಡಿಲ ಸಾಕೆಟ್ ಅದಕ್ಕೂ ಸುಡುತ್ತದೆ. ವೈರ್ 4 ಚದರ ಮಿ.ಮೀ.ಯೇ ಇರಲಿ.

ಮನೆಯ ಯು.ಪಿ.ಎಸ್. ಮೇಲೆ ಓಡಿಸಬಹುದೇ?

ಫ್ಯಾನು ದೀಪಗಳಿಗೆಂದು ಇಟ್ಟಿರುವ 850, 900 ವಿ.ಎ. ಯು.ಪಿ.ಎಸ್. 1,500 ವ್ಯಾಟ್ ಹೊರಲಾರದು. ಎ.ಸಿ.ಯ ಸಾಕೆಟ್ ಗೊತ್ತಿಲ್ಲದೆ ಯು.ಪಿ.ಎಸ್. ಲೈನಿಗೆ ಸೇರಿದ್ದರೆ ಕರೆಂಟ್ ಹೋದ ಕೂಡಲೇ ಯು.ಪಿ.ಎಸ್. ಕಿರುಚಿ ನಿಲ್ಲುತ್ತದೆ. ಹಾಗಾದರೆ ಸಾಕೆಟ್ಟನ್ನು ಆ ಲೈನಿನಿಂದ ಬೇರ್ಪಡಿಸಿ.

ಬಾಡಿಗೆ ಮನೆ, ಹಳೆಯ ವೈರಿಂಗ್. ಮಾಲೀಕರು ಗೋಡೆ ಒಡೆಯಲು ಬಿಡುವುದಿಲ್ಲ.

ಗೋಡೆ ಒಡೆಯಬೇಕಾಗಿಲ್ಲ. ಗೋಡೆಯ ಮೇಲೆಯೇ ಪಿ.ವಿ.ಸಿ. ಕೇಸಿಂಗ್ ಪಟ್ಟಿ ಹೊಡೆದು, ಅದರೊಳಗೆ ಮೂರು ತಂತಿ ಎಳೆದು ಎ.ಸಿ. ಬಾಕ್ಸ್ ಕೂರಿಸಬಹುದು. ಅರ್ಧ ದಿನದ ಕೆಲಸ. ಮನೆ ಬಿಡುವಾಗ ವೈರ್, ಬಾಕ್ಸ್ ಎರಡನ್ನೂ ಬಿಚ್ಚಿಕೊಂಡು ಹೋಗಬಹುದು. ಮಾಲೀಕರಿಗೆ ಇದನ್ನು ಮೊದಲೇ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಮರದ ಪಟ್ಟಿಯ ಮೇಲೆ ಅಲ್ಯೂಮಿನಿಯಂ ವೈರ್ ಓಡಿಸಿದ ತೀರಾ ಹಳೆಯ ಮನೆಯಾದರೆ ಆ ವೈರಿಗೆ ಎ.ಸಿ.ಯನ್ನು ಜೋಡಿಸಲೇಬಾರದು. ಅಲ್ಯೂಮಿನಿಯಂ ತಿರುಪಿನ ಕೆಳಗೆ ಕಾಲಕ್ರಮೇಣ ಜಗ್ಗಿ ಸಡಿಲವಾಗುತ್ತದೆ, ಮೇಲೆ ತಡೆಯೊಡ್ಡುವ ಪೊರೆ ಕಟ್ಟುತ್ತದೆ. ಅದಕ್ಕೆ ತಾಮ್ರವನ್ನು ಸುತ್ತಿ ಟೇಪ್ ಹಚ್ಚಿದ ಜೋಡಣೆ ಇನ್ನೂ ಬೇಗ ಕೆಡುತ್ತದೆ. ಹೊಸ ತಾಮ್ರದ ಲೈನ್ ಮೇನ್ ಸ್ವಿಚ್ಚಿನಿಂದಲೇ ಹೊರಡಲಿ.

ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕೇ?

ನಿಮ್ಮ ವಿದ್ಯುತ್ ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಅಚ್ಚಾಗಿರುತ್ತದೆ. 1 ಅಥವಾ 2 ಕಿಲೋವ್ಯಾಟ್ ಇರುವ ಮನೆಯಲ್ಲಿ ಎ.ಸಿ., ಗೀಸರ್, ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಓಡಿದರೆ ಲೆಕ್ಕ 4 ದಾಟುತ್ತದೆ. ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಎಷ್ಟು ಹೊರಬೇಕು ಎಂದು ಕಂಪನಿ ಲೆಕ್ಕ ಹಾಕುವುದು ಈ ಅಂಕಿಗಳಿಂದ. ಬೀದಿಯವರೆಲ್ಲ 2 ಕಿಲೋವ್ಯಾಟ್ ಎಂದು ಬರೆಸಿ 4 ಎಳೆದರೆ ರಾತ್ರಿಯ ವೋಲ್ಟೇಜ್ ಎಲ್ಲರಿಗೂ ಕುಸಿಯುತ್ತದೆ.

ಸಾಕೆಟ್ಟಿನಿಂದ ಕಿಡಿ, ಹೊಗೆ ಬಂದರೆ ಮೊದಲು ಏನು ಮಾಡಬೇಕು?

ಪ್ಲಗ್ ಕೀಳಲು ಹೋಗಬೇಡಿ. ನೇರ ಮೇನ್ ಇಳಿಸಿ. ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳುಹಿಸಿ. ನೀರು ಹಾಕಬೇಡಿ, ಒಣ ಪುಡಿಯ ಅಥವಾ ಇಂಗಾಲದ ಡೈಆಕ್ಸೈಡಿನ ಅಗ್ನಿಶಾಮಕ ಇದ್ದರೆ ಬಳಸಿ, ಇಲ್ಲದಿದ್ದರೆ ಒಣ ಮರಳು ಎರಚಿ. ಬೆಂಕಿ ಹಿಡಿತಕ್ಕೆ ಸಿಗದಿದ್ದರೆ ಬಾಗಿಲು ಎಳೆದುಕೊಂಡು ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ. ಯಾರಿಗಾದರೂ ಶಾಕ್ ಹೊಡೆಯುತ್ತಿದ್ದರೆ ಮೇನ್ ಇಳಿಸುವ ಮೊದಲು ಅವರನ್ನು ಕೈಯಿಂದ ಮುಟ್ಟಬೇಡಿ.

ಎಲೆಕ್ಟ್ರಿಷಿಯನ್ ಬಂದು ಸರಿ ಮಾಡಿದರು. ಕೆಲಸ ಸರಿಯಾಗಿದೆ ಎಂದು ಹೇಗೆ ತಿಳಿಯಬೇಕು?

ಅವರು ಹೊರಡುವ ಮೊದಲೇ ಎ.ಸಿ.ಯನ್ನು ಅರ್ಧ ಗಂಟೆ ಓಡಿಸಿ. ಕ್ಲಾಂಪ್ ಮೀಟರಿನಲ್ಲಿ ಕರೆಂಟ್ ಅಳೆಸಿ, ಎ.ಸಿ.ಯ ಪಟ್ಟಿಯ ಮೇಲಿನ ಅಂಕಿಗೆ ಹೋಲಿಸಿ. ಬೋರ್ಡಿನಲ್ಲಿ, ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿಸಿ. ಕಂಪ್ರೆಸರ್ ಓಡುತ್ತಿರುವಾಗ ಅಂತರ ನಾಲ್ಕೈದು ವೋಲ್ಟಿನೊಳಗೆ ಇರಲಿ. ನ್ಯೂಟ್ರಲಿಗೂ ಅರ್ಥಿಗೂ ನಡುವೆ ಕೆಲವೇ ವೋಲ್ಟ್ ಇರಬೇಕು, ಹತ್ತಿಪ್ಪತ್ತು ಬಂದರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ. ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿ ಒತ್ತಿದರೆ ಅದು ತಕ್ಷಣ ಬೀಳಬೇಕು. ಕೊನೆಗೆ ಪ್ಲಗ್ ಕಿತ್ತು ಪಿನ್‌ಗಳನ್ನು ನೋಡಿ. ಈ ಅಂಕಿಗಳನ್ನು ದಿನಾಂಕದೊಂದಿಗೆ ಡಿಸ್ಟ್ರಿಬ್ಯೂಷನ್ ಬೋರ್ಡಿನ ಮುಚ್ಚಳದ ಒಳಬದಿಗೆ ಬರೆದು ಅಂಟಿಸಿ. ಮುಂದಿನ ಬೇಸಿಗೆಗೆ ಮೊದಲು ತಿರುಪುಗಳನ್ನು ಬಿಗಿಮಾಡಿಸುವಾಗ ಮತ್ತೆ ಅಳೆಸಿ ಹೋಲಿಸಬಹುದು.